ಮುಚ್ಚಿದ ಬೀದಿ, ಬಿಟ್ಟ ದಾರಿ

ಊರೊಂದರ ಚರಿತ್ರೆಯನ್ನು ಅರಿಯಬೇಕೆನ್ನುವವರು ಸಾಮಾನ್ಯವಾಗಿ ಶಾಸನಗಳ ಬಳಿಗೆ ಹೋಗುತ್ತಾರೆ, ಇಲ್ಲವೆ ಗೆಜೆಟಿಯರುಗಳನ್ನು ತೆರೆಯುತ್ತಾರೆ. ಎರಡೂ ಒಳ್ಳೆಯ ಹಾದಿಗಳೇ. ಆದರೆ ಬೆಂಗಳೂರಿನ ದಕ್ಷಿಣ ಭಾಗದಲ್ಲಿಯೇ ಹುಟ್ಟಿ ಬೆಳೆದು ತಲೆ ನರೆಸಿಕೊಂಡ ನನಗೆ ಮೂರನೆಯದೊಂದು ಹಾದಿಯೂ ಗೊತ್ತಿದೆ. ಊರಿನ ದೊಡ್ಡ ಬೀದಿಯು ಯಾವುದಾದರೊಂದು ಉತ್ಸವಕ್ಕಾಗಿ ಮುಚ್ಚಿದ ದಿನ ಮನೆಯಿಂದ ಹೊರಟು, ಸೇರಬೇಕಾದ ಸ್ಥಳವನ್ನು ಸೇರಲು ಪ್ರಯತ್ನಿಸಬೇಕು. ದಿನವೂ ತಿರುಗಾಡುವ ರಸ್ತೆ ನಮಗೆ ಏನನ್ನೂ ಹೇಳುವುದಿಲ್ಲ. ನಾವೂ ಅದನ್ನು ಏನೂ ಕೇಳುವುದಿಲ್ಲ. ಅದು ಮುಚ್ಚಿದಾಗ ಮಾತ್ರ ಅಕ್ಕಪಕ್ಕದ ಸಂದಿಗಳು, ಕೆರೆಯ ಏರಿಗಳು, ಹಳ್ಳಿಗಳ ಕಾಲದ ಕಾಲುದಾರಿಗಳು ಒಂದೊಂದಾಗಿ ಬಾಯಿ ಬಿಡುತ್ತವೆ.

ಇದನ್ನು ನಾನು ಕಲಿತದ್ದು 1974ರಲ್ಲಿ, ನನ್ನ ಹನ್ನೆರಡನೆಯ ವಯಸ್ಸಿನಲ್ಲಿ. ಆಗ ನಮ್ಮ ಮನೆ ಹನುಮಂತನಗರದಲ್ಲಿತ್ತು. ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕಾರ್ತೀಕ ಮಾಸದ ಕಡೆಯ ಸೋಮವಾರ. ಅಂದರೆ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಕಡಲೆಕಾಯಿ ಪರಿಷೆಯ ದಿನ. ತಂದೆಯವರು ಕಚೇರಿಯ ಕೆಲಸದ ಮೇಲೆ ಪರಸ್ಥಳಕ್ಕೆ ಹೋಗಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕನಿಗೆ ನೋವು ಆರಂಭವಾಯಿತು. ವಾಣಿವಿಲಾಸ ಆಸ್ಪತ್ರೆಗೆ ಹೋಗಬೇಕು. ಬುಲ್ ಟೆಂಪಲ್ ರಸ್ತೆಯಲ್ಲಿ ಜನವಲ್ಲದೆ ಮತ್ತೇನೂ ಚಲಿಸುತ್ತಿಲ್ಲ. ನಾನು ಓಡಿದೆ. ಕೇಳಿದ ಆಟೋದವರೆಲ್ಲ ಆ ಕಡೆಗೆ ಬರಲೊಲ್ಲೆವೆಂದರು. ಕೊನೆಗೆ ಕುದುರೆಗೆ ಹುಲ್ಲು ಹಾಕುತ್ತ ನಿಂತಿದ್ದ ಜಟಕಾದ ಮುದುಕರೊಬ್ಬರು ಒಪ್ಪಿ ಮನೆಯ ಮುಂದೆ ಗಾಡಿ ನಿಲ್ಲಿಸಿದರು.

"ಸಾಬರೆ, ಹೇಗಾದರೂ ಮಾಡಿ ಮುಟ್ಟಿಸಿಬಿಡಿ" ಎಂದು ಅಮ್ಮ ಕೈಮುಗಿದರು.

"ಗಾಬರಿ ಬೇಡಿ ತಾಯಿ. ಇವತ್ತು ದೊಡ್ಡ ರಸ್ತೆ ಬಸವಣ್ಣಂದು. ನಮಗೆ ಕೆರೆ ದಾರಿ ಐತೆ" ಎಂದರು ಆತ.

ಗಾಡಿ ಗವಿಪುರದ ಕಡೆಗೆ ತಿರುಗಿತು. ಅಲ್ಲಿಯೂ ಪರಿಷೆಯ ಬಾಲ ಚಾಚಿತ್ತು. ಎರಡು ಬದಿಗೂ ಗೋಣಿತಾಟಿನ ಮೇಲೆ ಕಡಲೆಕಾಯಿಯ ರಾಶಿ. ನಡುವೆ ಒಂದಾಳು ನಡೆಯುವಷ್ಟು ಜಾಗ. ಜಟಕಾ ನಿಂತಿತು. ಗಾಡಿಯೊಳಗಿನ ನರಳಾಟ ಕೇಳಿ ರಾಶಿಯ ಹಿಂದೆ ಕುಳಿತಿದ್ದ ಹೆಂಗಸೊಬ್ಬಳು ಥಟ್ಟನೆ ಎದ್ದಳು. "ಬಸುರಿ ಹೆಣ್ಮಗಳು ಬತ್ತಾವ್ಳೆ, ದಾರಿ ಬಿಡ್ರಪ್ಪೋ!" ಎಂದು ಕೂಗಿ, ತನ್ನ ತಾಟಿನ ಎರಡು ಮೂಲೆ ಹಿಡಿದು ರಾಶಿಯನ್ನೇ ಹಿಂದಕ್ಕೆ ಎಳೆದಳು. ಅವಳನ್ನು ನೋಡಿ ಪಕ್ಕದವನು, ಅವನನ್ನು ನೋಡಿ ಮುಂದಿನವನು. ಎಳೆಯುವಾಗ ಚೆಲ್ಲಿದ ಕಾಯಿಗಳ ಮೇಲೆ ಗಾಲಿ ಹರಿದು ಸಿಪ್ಪೆಗಳು ಸಿಡಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಗವಿ ಗಂಗಾಧರೇಶ್ವರನ ಗುಡಿಯನ್ನು ಹಿಂದಿಕ್ಕಿ, ಕೆಂಪಾಂಬುಧಿ ಕೆರೆಯ ಬದಿಯಲ್ಲಿ ಸಾಗಿ, ಚಾಮರಾಜಪೇಟೆಯನ್ನು ಹಾದು ನಾವು ಆಸ್ಪತ್ರೆಯನ್ನು ಮುಟ್ಟಿದೆವು. ಬೆಳಗಿನ ಜಾವ ಅಕ್ಕನಿಗೆ ಹೆಣ್ಣು ಮಗುವಾಯಿತು.

ಆ ರಾತ್ರಿ ನಾವು ಹೋದದ್ದು ಬಳಸುದಾರಿ ಎಂದು ನಾನು ಬಹುಕಾಲ ತಿಳಿದಿದ್ದೆ. ಆಮೇಲೆ ಓದುತ್ತ, ವಿಚಾರಿಸುತ್ತ ಹೋದಂತೆ ಅದೇ ಹಳೆಯ ದಾರಿ, ನಾವು ದಿನವೂ ಹೋಗುವುದೇ ಹೊಸದು ಎಂಬುದು ತಿಳಿಯಿತು. ಕೆಂಪಾಂಬುಧಿ ಕೆರೆಯ ಬಳಿ ಇರುವುದು ಕೆಂಪೇಗೌಡರ ಹೆಸರಿನಲ್ಲಿ ಪ್ರಸಿದ್ಧವಾದ ನಾಲ್ಕು ಗೋಪುರಗಳಲ್ಲೊಂದು. ಉಳಿದವು ಲಾಲ್‌ಬಾಗಿನ ಬಂಡೆಯ ಮೇಲೆ, ಹಲಸೂರಿನ ಕೆರೆಯ ಬಳಿ ಮತ್ತು ಮೇಖ್ರಿ ವೃತ್ತದ ಸಮೀಪ ಇವೆ. ಬಸವನಗುಡಿ ಬಡಾವಣೆ ಇಲ್ಲದಿದ್ದ ಕಾಲದಲ್ಲಿ ಇಲ್ಲಿ ಇದ್ದದ್ದು ಸುಂಕೇನಹಳ್ಳಿ ಎಂಬ ಗ್ರಾಮ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳ ರೈತರ ಕಡಲೆಕಾಯಿ ಹೊಲಗಳಿಗೆ ರಾತ್ರಿ ವೇಳೆ ಬಸವನೊಂದು ನುಗ್ಗಿ ಬೆಳೆಯನ್ನು ಮೇಯುತ್ತಿತ್ತೆಂದೂ, ರೈತರು ಬೆಳೆಯ ಮೊದಲ ಪಾಲನ್ನು ಬಸವಣ್ಣನಿಗೇ ಅರ್ಪಿಸುವುದಾಗಿ ಹರಕೆ ಹೊತ್ತರೆಂದೂ ಐತಿಹ್ಯ. ಗುಡಿಯನ್ನು ಕಟ್ಟಿಸಿದವರು ಕೆಂಪೇಗೌಡರು, ವೃಷಭಾವತಿ ಹುಟ್ಟುವುದು ಈ ನಂದಿಯ ಪಾದದಲ್ಲಿ ಎಂಬುದೂ ಜನರ ನಂಬಿಕೆ.

ಐತಿಹ್ಯವನ್ನು ಗೌರವಿಸುತ್ತಲೇ ಇತಿಹಾಸದ ಮಾತೊಂದನ್ನು ಹೇಳಬೇಕು. ಕಡಲೆಕಾಯಿ ನಮ್ಮ ನೆಲದ ಮೂಲದ ಬೆಳೆಯಲ್ಲ. ಅದು ದಕ್ಷಿಣ ಅಮೆರಿಕದ್ದು. ಐರೋಪ್ಯರು ಆ ಖಂಡವನ್ನು ಮುಟ್ಟಿದ ಮೇಲೆಯೇ ಅದು ಸಮುದ್ರ ದಾಟಿ ನಮ್ಮ ಕಡೆಗೆ ಬಂದದ್ದು. ಒಂದೇ ಬಂಡೆಯಲ್ಲಿ ಕಡೆದ ಬಸವಣ್ಣ ಈ ಗುಡ್ಡದಲ್ಲಿ ಹಳಬ; ಕಡಲೆಕಾಯಿ ಅವನ ಸನ್ನಿಧಿಗೆ ಆಮೇಲೆ ಬಂದ ಅತಿಥಿ. ಆ ಅತಿಥಿಗೆ ಜಾಗ ಬಿಟ್ಟುಕೊಟ್ಟದ್ದರಿಂದಲೇ ಪರಿಷೆಗೆ ಈ ಹೆಸರು ಬಂದಿತು. ಜಾಗ ಬಿಡುವ ಗುಣ ಆ ಸ್ಥಳದ ಮಣ್ಣಿನಲ್ಲಿಯೇ ಇದೆಯೇನೋ ಎಂದು ನನಗೆ ಅನ್ನಿಸುವುದುಂಟು.

ಇನ್ನು ರಸ್ತೆಗಳ ಮಾತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿಯಿತು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಜನ ತತ್ತರಿಸಿದರು. ಬಸವನಗುಡಿ, ಮಲ್ಲೇಶ್ವರ ಎಂಬ ಎರಡು ಬಡಾವಣೆಗಳಿಗೆ ಅಂದು ಬಂದ ವೇಗಕ್ಕೆ ಆ ಮಾರಿಯೇ ಕಾರಣ. ಗಾಳಿ ಬೆಳಕು ಬರಲೆಂದು ರಸ್ತೆಗಳನ್ನು ನೇರವಾಗಿ, ಅಗಲವಾಗಿ, ಚದುರಂಗದ ಮಣೆಯಂತೆ ಹಾಕಿದರು. ಮನೆಗಳ ಸಾಲುಗಳ ಹಿಂದೆ ಝಾಡಮಾಲಿಗಳು ಓಡಾಡಲೆಂದು ಕಿರಿದಾದ ಕನ್ಸರ್ವೆನ್ಸಿ ಓಣಿಗಳನ್ನು ಬಿಟ್ಟರು. ಮನುಷ್ಯರನ್ನು ಹಿಂಬಾಗಿಲಿಗೆ ಅಟ್ಟಿದ ಆ ಪದ್ಧತಿ ನಾಚಿಕೆಗೇಡಿನದು. ಅದು ಹೋದದ್ದು ಒಳ್ಳೆಯದಾಯಿತು. ಓಣಿಗಳು ಮಾತ್ರ ಹಲವು ಕಡೆ ಉಳಿದುವು. ಗಾಂಧಿಬಜಾರಿನಲ್ಲಿಯೋ ಬುಲ್ ಟೆಂಪಲ್ ರಸ್ತೆಯಲ್ಲಿಯೋ ಜನಸಾಗರವಿದ್ದಾಗ ಬಸವನಗುಡಿಯವರು ಕಂಗೆಡದೆ ಪಕ್ಕದ ಅಡ್ಡರಸ್ತೆ ಹಿಡಿಯುತ್ತಾರೆ; ಅದೂ ತುಂಬಿದ್ದರೆ ಈ ಹಿಂದಿನ ಓಣಿಯಲ್ಲಿ ನುಸುಳುತ್ತಾರೆ. ಒಂದು ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ. ಪ್ಲೇಗಿನ ಭಯದಲ್ಲಿ ಎಳೆದ ಗೆರೆಗಳು ಪರಿಷೆಯ ದಿನ ನಮ್ಮನ್ನು ಕಾಯುತ್ತವೆ.

ಹಳೆಯ ಪೇಟೆಯಲ್ಲಿ ಇಂಥ ಅನುಕೂಲವಿಲ್ಲ. ಆದರೂ ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಾಲಯದಿಂದ ಕರಗ ಹೊರಟಾಗ ಆ ಓಣಿಗಳಲ್ಲಿ ಯಾರೂ ಅದನ್ನು ಅಡಚಣೆ ಎನ್ನುವುದಿಲ್ಲ. ತಿಗಳ ಸಮುದಾಯದವರು ಹೊರುವ ಆ ಕರಗ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಯಾವ ರಾತ್ರಿ, ಯಾವ ಬೀದಿ ಎಂಬುದು ಎಲ್ಲರಿಗೂ ಮೊದಲೇ ಗೊತ್ತು. ಪಂಚಾಂಗವೇ ಅಲ್ಲಿ ಪೊಲೀಸರ ಪ್ರಕಟಣೆ.

ದಕ್ಷಿಣಕ್ಕೆ ಸರಿದಂತೆ ಕಥೆ ಬದಲಾಗುತ್ತದೆ. ಸೌತ್ ಎಂಡ್ ವೃತ್ತದ ಹೆಸರೇ ಹೇಳುವಂತೆ ಒಂದು ಕಾಲಕ್ಕೆ ಊರು ಅಲ್ಲಿಗೇ ಮುಗಿಯುತ್ತಿತ್ತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಿತು. ಬ್ಲಾಕುಗಳಾಗಿ ವಿಂಗಡಿಸಿ ಮಾಡಿದ ಆ ಬಡಾವಣೆಯಲ್ಲಿಯೂ ಬದಲಿ ದಾರಿಗಳಿಗೆ ಕೊರತೆಯಿಲ್ಲ. ಅದರಾಚೆಗೆ ಬನಶಂಕರಿ, ಜಯಪ್ರಕಾಶ ನಾರಾಯಣರ ಹೆಸರಿನ ಜೆ.ಪಿ. ನಗರ, ಭೈರಸಂದ್ರ–ತಾವರೆಕೆರೆ–ಮಡಿವಾಳಗಳು ಸೇರಿ ಆದ ಬಿ.ಟಿ.ಎಂ. ಬಡಾವಣೆ. ಇಲ್ಲಿ ಯೋಜಿಸಿದ ಬಡಾವಣೆಗಳ ನಡುನಡುವೆ ಹಳೆಯ ಹಳ್ಳಿಗಳಿವೆ, ಸಾರಕ್ಕಿ ಮಡಿವಾಳಗಳಂಥ ಕೆರೆಗಳಿವೆ, ಹೊಲವನ್ನು ತುಂಡು ಮಾಡಿ ಮಾರಿದ ನಿವೇಶನಗಳಿವೆ. ಎಷ್ಟೋ ರಸ್ತೆಗಳು ನಾಲ್ಕು ಹೆಜ್ಜೆ ನಡೆದು ಗೋಡೆಗೆ ಮುಖ ಕೊಟ್ಟು ನಿಲ್ಲುತ್ತವೆ. ಹೊರವರ್ತುಲ ರಸ್ತೆಯೊಂದು ನಿಂತಿತೆಂದರೆ ಮೈಲಿಗಟ್ಟಲೆ ಪ್ರದೇಶವೇ ಉಸಿರು ಬಿಗಿಹಿಡಿದಂತಾಗುತ್ತದೆ.

ಇದರ ಅನುಭವ ನನಗಾದದ್ದು 2023ರ ಮೇ 6ರ ಶನಿವಾರ. ವಿಧಾನಸಭಾ ಚುನಾವಣೆಯ ಸಮಯ. ಪ್ರಧಾನಮಂತ್ರಿಗಳ ರೋಡ್ ಶೋ ಅಂದು ಜೆ.ಪಿ. ನಗರದಿಂದ ಹೊರಟು ಜಯನಗರದ ಮೂಲಕ ಮಲ್ಲೇಶ್ವರದವರೆಗೆ, ಸುಮಾರು 26 ಕಿಲೋಮೀಟರು, ನಡೆಯಿತು. 1974ರ ಆ ರಾತ್ರಿ ಹುಟ್ಟಿದ ಮಗು, ನನ್ನ ಅಕ್ಕನ ಮಗಳು, ಈಗ ಜೆ.ಪಿ. ನಗರದಲ್ಲಿದ್ದಾಳೆ. ಅವಳ ಮಗಳು ಮರುದಿನ, ಭಾನುವಾರ, ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಕೂಡಬೇಕಾಗಿತ್ತು. ಪರೀಕ್ಷೆ ಮಧ್ಯಾಹ್ನ 2 ಗಂಟೆಗೆ, 1.30ಕ್ಕೆ ಬಾಗಿಲು ಮುಚ್ಚುತ್ತದೆ. ಎರಡು ವರ್ಷ ನಿದ್ದೆಗೆಟ್ಟು ಓದಿದ ಹುಡುಗಿಗೆ ಪಾಠದ ಭಯಕ್ಕಿಂತ ದಾರಿಯ ಭಯವೇ ಹೆಚ್ಚಾಗಿತ್ತು. ಪುಣ್ಯಕ್ಕೆ ಆ ಪರೀಕ್ಷೆಯ ಕಾರಣದಿಂದಲೇ ಕಾರ್ಯಕ್ರಮವನ್ನು ಬದಲಾಯಿಸಿ, ಉದ್ದನೆಯ ಯಾತ್ರೆಯನ್ನು ಶನಿವಾರಕ್ಕೂ ಚಿಕ್ಕದನ್ನು ಭಾನುವಾರದ ಬೆಳಗಿಗೂ ಇಟ್ಟರು. ಆದರೂ ಅವಳಿಗೆ ಧೈರ್ಯ ಸಾಲದು. "ಅಜ್ಜ, ನೀವು ಇವತ್ತೇ ಬಂದುಬಿಡಿ. ನಿಮಗಾದರೆ ದಾರಿಗಳೆಲ್ಲ ಗೊತ್ತು" ಎಂದು ಫೋನು ಮಾಡಿದಳು.

ನನಗೆ ಗೊತ್ತಿದ್ದದ್ದು ಹಳೆಯ ಬೆಂಗಳೂರಿನ ದಾರಿಗಳು ಮಾತ್ರ ಎಂದು ಆ ಮಗುವಿಗೆ ಹೇಗೆ ಹೇಳಲಿ? ಆಟೋದವನು ಬನಶಂಕರಿ ದೇವಾಲಯದ ಬಳಿ ಇಳಿಸಿ, ಮುಂದೆ ಬಿಡುವುದಿಲ್ಲ ಎಂದನು. ನಡೆಯತೊಡಗಿದೆ. ಸಾರಕ್ಕಿಯ ಕಡೆ ಎರಡು ಬಾರಿ ಗೋಡೆಗಳು ನನ್ನನ್ನು ಹಿಂದಕ್ಕೆ ಕಳುಹಿಸಿದುವು. ಮೂರನೆಯ ಬಾರಿ, ಮರದ ಕೆಳಗೆ ಇಸ್ತ್ರಿ ಗಾಡಿ ನಿಲ್ಲಿಸಿಕೊಂಡಿದ್ದವನು ನನ್ನ ಅವಸ್ಥೆಯನ್ನು ನೋಡಿ, ಉರಿಯುತ್ತಿದ್ದ ಪೆಟ್ಟಿಗೆಯನ್ನು ಬದಿಗಿಟ್ಟು, "ಬನ್ನಿ ಯಜಮಾನ್ರೆ" ಎಂದು ನನ್ನೊಡನೆ ಹೊರಟುಬಿಟ್ಟನು. ಎರಡು ಮನೆಗಳ ನಡುವಣ ಸಂದಿ, ಒಂದು ಅಶ್ವತ್ಥಕಟ್ಟೆ, ಅದರ ಹಿಂದೆ ಹಳೆಯ ಹಳ್ಳಿಯ ಬೀದಿ, ಅಲ್ಲಿಂದಾಚೆಗೆ ಬಡಾವಣೆಯ ರಸ್ತೆ. ಅವನ ಬಿಳಿಯ ಮೀಸೆಯ ಕೆಳಗಿನ ನಗು ಕಂಡಾಗ ನನಗೆ ಜಟಕಾದ ಸಾಬರ ನೆನಪಾಯಿತು. ಮರುದಿನ ಹುಡುಗಿಯನ್ನು ಹೊತ್ತಿಗೆ ಮುಂಚೆಯೇ ಪರೀಕ್ಷೆಯ ಬಾಗಿಲಿಗೆ ಬಿಟ್ಟು ಬಂದೆ.

ಈಗ ನಮ್ಮ ತಲೆಯ ಮೇಲೆಯೂ ದಾರಿಗಳಾಗಿವೆ. 2017ರ ಜೂನ್ ತಿಂಗಳಿನಿಂದ ಮೆಟ್ರೋ ರೈಲು ನ್ಯಾಷನಲ್ ಕಾಲೇಜು, ಸೌತ್ ಎಂಡ್, ಜಯನಗರ, ಬನಶಂಕರಿಗಳ ಮೇಲೆ ಓಡುತ್ತಿದೆ. 2025ರ ಆಗಸ್ಟಿನಿಂದ ಬಿ.ಟಿ.ಎಂ. ಬಡಾವಣೆಗೂ ರೈಲು ಬಂದಿದೆ. ಪರಿಷೆಗೆ ರೈಲಿನಲ್ಲಿ ಬಂದಿಳಿದು ನಡೆದು ಹೋಗುವವರನ್ನು ಕಂಡರೆ ಸಂತೋಷವಾಗುತ್ತದೆ. ಆದರೆ ನೋವು ತಿನ್ನುವ ಬಸುರಿಯ ಬಳಿಗೆ, ಎದೆ ಹಿಡಿದುಕೊಂಡು ಕುಳಿತ ಮುದುಕನ ಬಳಿಗೆ ರೈಲು ಬರಲಾರದು. ಅವರ ಪಾಲಿಗೆ ಬೀದಿಯೇ ಗತಿ.

ಬೀದಿಯನ್ನು ಮುಚ್ಚಲೇಬಾರದೆಂದು ನಾನು ಹೇಳುತ್ತಿಲ್ಲ. ವರ್ಷವಿಡೀ ವಾಹನಗಳಿಗೆ ಬಿಟ್ಟುಕೊಟ್ಟ ನೆಲವನ್ನು ಒಂದು ದಿನ ಜನ ತಮ್ಮದೆಂದು ಕಾಲಿಂದ ಮುಟ್ಟಿ ಹೇಳುವುದು ಊರಿನ ಆರೋಗ್ಯದ ಲಕ್ಷಣ. ದೇವರಿಗಾಗಲಿ, ನಾಯಕರಿಗಾಗಲಿ, ಆಟೋಟಗಳಿಗಾಗಲಿ ಊರು ಬೀದಿಯನ್ನು ಕೊಡಬಹುದು. ಆದರೆ ಕೊಟ್ಟದ್ದನ್ನು ಪಡೆದವರ ಮೇಲೆ ಒಂದು ಋಣ ಉಳಿಯುತ್ತದೆ. ಯಾವ ದಿನ, ಯಾವ ಬೀದಿ ಎಂಬುದನ್ನು ಪಂಚಾಂಗದಷ್ಟು ಖಚಿತವಾಗಿ ಮುಂಚೆಯೇ ತಿಳಿಸಬೇಕು. ಬದಲಿ ದಾರಿ ಇದೆಯೇ ಎಂದು ನಡೆದು ನೋಡಿರಬೇಕು. ತಡೆಗಟ್ಟೆಯ ಬಳಿ ನಿಲ್ಲುವವನಿಗೆ ಅದನ್ನು ಸರಿಸುವ ಅಧಿಕಾರವನ್ನೂ ಕೊಟ್ಟಿರಬೇಕು. ಹೊಸ ಬಡಾವಣೆಗಳನ್ನು ಮಾಡುವವರು ರಸ್ತೆಗಳನ್ನು ಗೋಡೆಗೆ ತಂದು ಮುಟ್ಟಿಸುವ ಮುನ್ನ ಇಂಥ ದಿನವೊಂದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು.

ಅಕ್ಕನ ಹೆರಿಗೆಯಾದ ಮರುದಿನ ಅಮ್ಮ ನನ್ನ ಕೈಗೆ ಒಂದು ರೂಪಾಯಿ ಕೊಟ್ಟು, ದಾರಿ ಬಿಟ್ಟ ಆ ಹೆಂಗಸಿನ ಹತ್ತಿರವೇ ಕಡಲೆಕಾಯಿ ಕೊಂಡು ಬರಬೇಕೆಂದು ಕಳುಹಿಸಿದರು. ನಾನು ಹೋಗುವಷ್ಟರಲ್ಲಿ ಅವಳು ತಾಟು ಮಡಿಸಿಕೊಂಡು ಊರಿಗೆ ಹೊರಟುಹೋಗಿದ್ದಳು. ಅವಳು ಕುಳಿತಿದ್ದ ಜಾಗದಲ್ಲಿ ಗಾಲಿಯ ಗುರುತೂ ಒಡೆದ ಸಿಪ್ಪೆಗಳೂ ಇದ್ದುವು. ಇಂದಿಗೂ ಪ್ರತಿ ವರ್ಷ ಕಾರ್ತೀಕದ ಕಡೆಯ ಸೋಮವಾರ ಅಲ್ಲಿಗೆ ಹೋಗುತ್ತೇನೆ. ಆ ಜಾಗದಲ್ಲಿ ಯಾರು ಕುಳಿತಿದ್ದರೂ ಅವರಲ್ಲಿಯೇ ಒಂದು ಸೇರು ಕಾಯಿ ಕೊಳ್ಳುತ್ತೇನೆ. ಚೌಕಾಸಿ ಮಾಡುವುದಿಲ್ಲ.