ಗುರುವಿನ ಮಾತು ಮೀರಿದ ಗೆಲುವು

ರಗ್ಬಿಯಲ್ಲಿ ಜಪಾನ್‌ನದು ಸೋಲಿನ ಚರಿತ್ರೆ. 2011ರವರೆಗಿನ ಏಳು ವಿಶ್ವಕಪ್‌ಗಳಲ್ಲಿ ಗೆದ್ದದ್ದು ಒಂದೇ ಪಂದ್ಯ. 1995ರಲ್ಲಿ ನ್ಯೂಜಿಲೆಂಡ್ 145–17ರಿಂದ ಸದೆಬಡಿದಿತ್ತು. ಆಳ್ತನದ ಈ ಆಟ ಚಿಕ್ಕ ಮೈಕಟ್ಟಿನವರಿಗಲ್ಲ ಎಂಬ ಭಾವನೆ ಬೇರೂರಿತ್ತು.

2012ರಲ್ಲಿ ತರಬೇತುದಾರರಾಗಿ ಬಂದವರು ಆಸ್ಟ್ರೇಲಿಯದ ಎಡ್ಡಿ ಜೋನ್ಸ್. ತಾಯಿಯ ಕಡೆಯಿಂದ ಅವರೂ ಜಪಾನಿ ಮೂಲದವರೇ. ಎದುರಾಳಿಯ ತೂಕಕ್ಕೆ ವೇಗ ಮತ್ತು ದಮ್ಮಿನ ಉತ್ತರ ಕೊಡಲು ನಸುಕಿನ ಐದಕ್ಕೇ ಅಭ್ಯಾಸ ಹಚ್ಚಿದರು. ಹೇಳಿದಷ್ಟನ್ನೇ ಮಾಡುವ ವಿಧೇಯತೆಯನ್ನೂ ಬಿಡಿಸಬೇಕಿತ್ತು.

2015ರ ಸೆಪ್ಟೆಂಬರ್ 19, ಬ್ರೈಟನ್. ಎದುರಿಗೆ ದಕ್ಷಿಣ ಆಫ್ರಿಕ. ಕೊನೆಯ ಗಳಿಗೆಯಲ್ಲಿ ಜಪಾನ್ 29–32ರಿಂದ ಹಿಂದೆ. ಸಿಕ್ಕ ಪೆನಾಲ್ಟಿಯನ್ನು ಕಂಬಗಳ ನಡುವೆ ಒದ್ದರೆ 3 ಅಂಕ, ಪಂದ್ಯ ಸಮ. ಜೋನ್ಸ್ ಬಯಸಿದ್ದೂ ಅದನ್ನೇ. ನಾಯಕ ಮೈಕೆಲ್ ಲೀಚ್ ಒಪ್ಪದೆ ಸ್ಕ್ರಮ್ ಆರಿಸಿದರು. ಕಾರ್ನೆ ಹೆಸ್ಕೆತ್ ಮೂಲೆಯಲ್ಲಿ ಚೆಂಡನ್ನು ನೆಲಕ್ಕೊತ್ತಿದರು: 34–32. ಗುರು ಕಲಿಸಿದ್ದು ಫಲಿಸಿತ್ತು.