ಕಾರು ಅಲ್ಲೇ ಉಳಿಯಿತು, ಸಾಲ ಊರಿಗೆ ಬಂತು

2009ರ ಆರಂಭದಲ್ಲಿ ದುಬೈ ವಿಮಾನ ನಿಲ್ದಾಣದಲ್ಲಿ ಧೂಳು ಹಿಡಿದು ನಿಂತ ಕಾರುಗಳ ಸುದ್ದಿ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. ಎಷ್ಟು ಕಾರು ಅನ್ನೋದಕ್ಕೆ ಪೊಲೀಸರದ್ದೊಂದು ಲೆಕ್ಕ, ಪತ್ರಿಕೆಗಳದ್ದೊಂದು ಲೆಕ್ಕ. ನಾನು ಕೇಳೋದು ಇಷ್ಟೇ: ಮಾಲೀಕರು ಓಡಿದ್ದು ಯಾಕೆ?

ಎಲ್ಲರೂ ಮೋಸಗಾರರು ಅಂತ ನಾನು ಒಪ್ಪಲ್ಲ. ಆಗಿನ ಪದ್ಧತಿ ನೋಡಿ. ಹೊರದೇಶದವನಿಗೆ ಕಾರು ಸಾಲ ಸಿಗ್ತಿದ್ದದ್ದು ಸಂಬಳ ಮತ್ತು ವೀಸಾದ ಮೇಲೆ. ಜೊತೆಗೆ ಮುಂದಿನ ತಾರೀಖಿನ ಚೆಕ್‌ಗೆ ಸಹಿ. 2008ರ ಆರ್ಥಿಕ ಕುಸಿತಕ್ಕೆ ಕೆಲಸ ಹೋಯ್ತು. ಕೆಲಸದ ಹಿಂದೆ ವೀಸಾ. ಚೆಕ್ ಬೌನ್ಸ್ ಆದರೆ ಜೈಲು. ಇರೋ ಹಾಗೂ ಇಲ್ಲ, ಹೊರಡೋ ಹಾಗೂ ಇಲ್ಲ!

ಆಮೇಲೆ ಯುಎಇ ಪಾಠ ಕಲಿಯಿತು. 2011ರಲ್ಲಿ ಅಲ್ಲಿನ ಸೆಂಟ್ರಲ್ ಬ್ಯಾಂಕ್ ಮಿತಿ ಹಾಕಿತು: ಕಾರಿನ ಬೆಲೆಯ ಶೇ. 80ಕ್ಕಿಂತ ಹೆಚ್ಚು ಸಾಲವಿಲ್ಲ, ಗರಿಷ್ಠ ಅವಧಿ 60 ತಿಂಗಳು. 2022ರ ಜನವರಿಯಿಂದ, ಖಾತೆಯಲ್ಲಿ ಹಣ ಸಾಲದೆ ಚೆಕ್ ವಾಪಸಾದರೆ ಅದೊಂದೇ ಕಾರಣಕ್ಕೆ ಜೈಲಿಲ್ಲ. ವಂಚನೆ ಇದ್ದರೆ ಮಾತು ಬೇರೆ.

ಹಾಗಂತ ಮಂಗಳೂರು, ಉಡುಪಿ, ಭಟ್ಕಳದಿಂದ ಹೋದವರು ನಿಶ್ಚಿಂತರಾಗೋ ಹಾಗಿಲ್ಲ. 2020ರ ಜನವರಿಯಲ್ಲಿ ನಮ್ಮ ಕೇಂದ್ರ ಸರ್ಕಾರವೇ ಅಧಿಸೂಚನೆ ಹೊರಡಿಸಿದೆ. ಯುಎಇ ಕೋರ್ಟಿನ ಹಣ ವಸೂಲಿ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲೇ ಜಾರಿ ಮಾಡಿಸಬಹುದು. ವಿಮಾನ ಹತ್ತಿದರೆ ಸಾಲ ತೀರಿತು ಅನ್ನೋ ಕಾಲ ಮುಗೀತು ಸ್ವಾಮಿ! ಊರಲ್ಲಿ ಅಪ್ಪ ಕಟ್ಟಿಸಿದ ಮನೆ ಮಗನ ಹೆಸರಲ್ಲಿದ್ದರೆ, ಆ ಕಾರಿನ ಸಾಲ ಅದರ ಬಾಗಿಲಿಗೂ ಬರಬಹುದು.

ಸಹಿ ಹಾಕೋ ಮುಂಚೆ ಇವತ್ತಿನ ಸಂಬಳ ಮಾತ್ರ ನೋಡಬೇಡಿ. ಕೆಲಸ ಹೋದ ದಿನ ಕಂತು ಕಟ್ಟೋರು ಯಾರು ಅಂತ ಕೇಳ್ಕೊಳ್ಳಿ.