ಗೊರವಯ್ಯನ ಜೋಳಿಗೆ

ಪಂಚನಹಳ್ಳಿಯ ಅಜ್ಜಿಮನೆಯಲ್ಲಿ ಮೊಮ್ಮಕ್ಕಳಾದ ನಾವೆಲ್ಲ ಹೆದರುತ್ತಿದ್ದುದು ಇಬ್ಬರಿಗೆ. ಒಬ್ಬರು ಸೂಜಿ ಚುಚ್ಚಲು ಬರುತ್ತಿದ್ದ ಕಾಂಪೌಂಡರು, ಇನ್ನೊಬ್ಬ ಗೊರವಯ್ಯ. ತಲೆಗೆ ಕರಡಿ ಕೂದಲಿನ ಕುಲಾವಿ, ಮೈಮೇಲೆ ಕರಿಕಂಬಳಿಯ ನಿಲುವಂಗಿ, ಹಣೆತುಂಬ ಅರಿಸಿನದ ಭಂಡಾರ, ಒಂದು ಕೈಯಲ್ಲಿ ಡಮರುಗ, ಇನ್ನೊಂದರಲ್ಲಿ ಪಿಳ್ಳಂಗೋವಿ. ಬೀದಿಯ ಆ ತುದಿಯಲ್ಲಿ ಡಮರುಗದ ಸದ್ದಾದರೆ ಸಾಕು, ನಾವು ರಾಗಿ ಕಣಜದ ಹಿಂದೆ ಅಡಗುತ್ತಿದ್ದೆವು. ಉಣ್ಣಲು ಹಟ ಮಾಡಿದರೆ ಅಜ್ಜಿ, "ತಡಿ, ಗೊರವಯ್ಯನ ಜೋಳಿಗೆಗೆ ಹಾಕ್ತೀನಿ" ಎನ್ನುತ್ತಿದ್ದಳು. ಜೋಳಿಗೆಯೊಳಗೆ ಆಗಲೇ ಇಬ್ಬರು ಮೂವರು ಮಕ್ಕಳಿದ್ದಾರೆಂದು ನನಗೆ ಗಟ್ಟಿ ನಂಬಿಕೆ.

ವಿಚಿತ್ರವೆಂದರೆ, ಹೀಗೆ ಹೆದರಿಸುತ್ತಿದ್ದ ಅಜ್ಜಿಯೇ ಅವನು ಬಾಗಿಲಿಗೆ ಬಂದರೆ ಕೈತೊಳೆದು, ತಲೆಮೇಲೆ ಸೆರಗು ಹೊದ್ದು, "ಬಂದೆ ಸ್ವಾಮಿ, ನಿಂತ್ಕಳಿ" ಎಂದು ಮೊರದಲ್ಲಿ ರಾಗಿ ತರುತ್ತಿದ್ದಳು. ಕೊಟ್ಟು ಕೈಮುಗಿಯುತ್ತಿದ್ದಳು. ಮಕ್ಕಳನ್ನು ಹಿಡಿದೊಯ್ಯುವವನಿಗೆ ಕೈ ಮುಗಿಯುವುದೇಕೆಂದು ನನಗಾಗ ತಿಳಿಯುತ್ತಿರಲಿಲ್ಲ.

ಇದೆಲ್ಲ ಮತ್ತೆ ನೆನಪಾದದ್ದು ನನ್ನ ತಪ್ಪಿನಿಂದ. ಪಟ್ಟಣದ ನಮ್ಮ ಮನೆಗೆ ಒಂದು ದಿನ ಗೊರವಯ್ಯ ಬಂದ. ಒಲೆಯ ಮೇಲೆ ಕುಕ್ಕರು ಕೂಗುತ್ತಿತ್ತು, ಮಗಳ ಜಡೆ ಅರ್ಧಕ್ಕೆ ನಿಂತಿತ್ತು. ಕಿಟಕಿಯಿಂದಲೇ "ಮುಂದಕ್ಕೆ ಹೋಗಪ್ಪ" ಎಂದೆ. "ಆಗಲಿ ತಾಯಿ" ಎಂದು ಹೊರಟೇಹೋದ. ಮಗಳು, "ಅಮ್ಮಾ, ಗೊರವಯ್ಯ ಅಂದ್ರೇನು?" ಎಂದಳು. ಭಿಕ್ಷುಕ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅಜ್ಜಿ ಭಿಕ್ಷುಕರಿಗೆ ಸೆರಗು ಹೊದೆಯುತ್ತಿರಲಿಲ್ಲವಲ್ಲ!

ಆಮೇಲೆ ಆ ಮಾತಿನ ಬೆನ್ನು ಹತ್ತಿದೆ. ಗೊರವ ಎಂಬುದು ಬೇರೆ ಯಾವುದೂ ಅಲ್ಲ, ನಮ್ಮ 'ಗುರು'ವೇ. ಗೌರವದ ಬಹುವಚನ ಸೇರಿ ಗುರವರು, ಗೊರವರು. 'ಗು' ಹೇಗೆ 'ಗೊ' ಆಯಿತೆಂದು ಕೇಳಿದರೆ ಉತ್ತರ ನಮ್ಮ ನೀರುಮನೆಯಲ್ಲೇ ಇದೆ. ತಮಿಳರ ಕುಡಂ ನಮ್ಮಲ್ಲಿ ಕೊಡ. ಅವರ ಕುಡೈ ನಮ್ಮ ಕೊಡೆ. ಅವರ ಉಡಲ್ ನಮ್ಮ ಒಡಲು. ಮುಂದಿನ ಅಕ್ಷರದಲ್ಲಿ ಅಕಾರವೋ ಎಕಾರವೋ ಇದ್ದರೆ ಹಿಂದಿನ ಉಕಾರ ಬಾಯಗಲಿಸಿ ಒಕಾರವಾಗುವುದು ಕನ್ನಡದ ಹಳೆಯ ಚಾಳಿ. ದಿನಾ ಕೊಡ ಎತ್ತುವ ನಮಗೆ ಇದನ್ನು ಯಾರೂ ಹೇಳಿರಲಿಲ್ಲ.

ಹಳೆಯ ಶಾಸನಗಳಲ್ಲಿ ಗೊರವರೆಂದರೆ ಶೈವ ಯತಿಗಳು, ಅದರಲ್ಲೂ ಕಾಳಾಮುಖರು. ಇವರು ದೊಡ್ಡ ದೊಡ್ಡ ದೇವಸ್ಥಾನಗಳನ್ನೂ ಮಠಗಳನ್ನೂ ನಡೆಸುತ್ತಿದ್ದವರು. ಅರಸರು, ಅಧಿಕಾರಿಗಳು ಅಂಥವರ "ಕಾಲಂ ಕರ್ಚಿ", ಅಂದರೆ ಪಾದ ತೊಳೆದು, ಧಾರೆಯೆರೆದು ಭೂಮಿ ಕೊಡುತ್ತಿದ್ದರು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯವಿದೆ. ಅಲ್ಲಿದ್ದ ಕೋಡಿಯ ಮಠ ಕಾಳಾಮುಖರದು. ಬಿಜ್ಜಳನ ಕಾಲದ, 1162ರ ಶಾಸನ ಆ ಮಠವನ್ನು ಬಾಯ್ತುಂಬ ಹೊಗಳುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ ಅಲ್ಲಿ ನಡೆಯುತ್ತಿತ್ತು, ದೀನರಿಗೆ, ಕುಂಟರಿಗೆ, ಕುರುಡರಿಗೆ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ಪಾಠಶಾಲೆ, ಛತ್ರ, ಆಸ್ಪತ್ರೆ ಮೂರೂ ಒಂದೇ ಸೂರಿನಡಿ. ಹಸಿದವರಿಗೆ ಅನ್ನವಿಕ್ಕುತ್ತಿದ್ದವರ ಹೆಸರು ಹೊತ್ತವನನ್ನು ನಾನು ಮುಂದಕ್ಕೆ ಕಳಿಸಿದ್ದೆ.

ಕಾಲಕ್ರಮದಲ್ಲಿ ಕಾಳಾಮುಖರು ಮರೆಯಾದರು. ಮಠಗಳು ವೀರಶೈವರ ಕೈಗೆ ಹೋದವು. ಹೆಸರು ಮಾತ್ರ ಕಂಬಳಿ ಹೊದ್ದು ಮೈಲಾರಲಿಂಗನ ಒಕ್ಕಲಿನಲ್ಲಿ ಉಳಿಯಿತು. ಅಲ್ಲಿ ದೀಕ್ಷೆ ಪಡೆದು ದೇವರ ಸೇವೆಗೆ ನಿಲ್ಲುವವರು ಗೊರವರು, ಹೆಚ್ಚಿನವರು ಕುರುಬರು. ಮಣಿ, ಮಲ್ಲರೆಂಬ ರಾಕ್ಷಸರನ್ನು ಕೊಲ್ಲಲು ಶಿವ ಮೈಲಾರನಾಗಿ ಬಂದಾಗ ಅವನೊಂದಿಗೆ ಬಂದ ಏಳುಕೋಟಿ ಸೈನ್ಯ ತಾವೇ ಎಂಬ ಹೆಮ್ಮೆ ಅವರದು. 'ಏಳುಕೋಟಿ' ಎಂಬ ಘೋಷದ ಗುಟ್ಟು ಇದೇ. ದೋಣಿಸೇವೆಯಲ್ಲಿ ಅವರೇ ದೇವರ ನಾಯಿಗಳಾಗಿ ಬೊಗಳುತ್ತ, ದೋಣಿಯಲ್ಲಿ ಸುರಿದ ಹಾಲು, ಬಾಳೆಹಣ್ಣಿಗೆ ಬಾಯಿಯಿಕ್ಕುತ್ತಾರೆ. ಗುರುವಾಗಿದ್ದ ಪದ ನಾಯಿಯ ಪಾತ್ರದವರೆಗೆ ಇಳಿಯಿತೇ ಎಂದು ಮೊದಲು ನನಗೆ ಕೆಡುಕೆನಿಸಿತು. ಆದರೆ ಅದು ಒಡೆಯನ ಬಾಗಿಲು ಬಿಡದ ನಾಯಿ. ಅವರು ಅದನ್ನು ಅವಮಾನವೆಂದು ಎಣಿಸಿಲ್ಲ, ನಾನೇಕೆ ಎಣಿಸಲಿ?

ನೆರೆಯವರಲ್ಲಿ ಈ ಪದದ ಹಣೆಬರಹ ಬೇರೆ. ತಮಿಳರು ಅಪ್ಪರ್, ಸಂಬಂಧರ್, ಸುಂದರರ್, ಮಾಣಿಕ್ಕವಾಚಕರ್ ಈ ನಾಲ್ವರನ್ನು ಇಂದಿಗೂ 'ಸಮಯ ಕುರವರ್' ಎಂದು ಪೂಜಿಸುತ್ತಾರೆ. ಮಹಾರಾಷ್ಟ್ರದಲ್ಲೂ ನಮ್ಮ ಬೆಳಗಾವಿ ಕಡೆಯಲ್ಲೂ ಶಿವನ ಗುಡಿಯ ಪೂಜೆ ಮಾಡುವವರು ಗುರವರು. ಒಂದೇ ತಾಯಿಯ ಮಕ್ಕಳು ಒಬ್ಬ ಸಿಂಹಾಸನದಲ್ಲಿ, ಒಬ್ಬ ಗರ್ಭಗುಡಿಯಲ್ಲಿ, ನಮ್ಮವನು ಬೀದಿಯಲ್ಲಿ.

ಮರಾಠಿಯವರಿಗೆ ಮೈಲಾರನೇ ಖಂಡೋಬ. ಜೇಜುರಿಯಲ್ಲಿ ಅವನ ಸೇವಕ ವಾಘ್ಯಾ, ಸೇವಕಿ ಮುರಳಿ. ಉತ್ತರ ಕರ್ನಾಟಕದ ವಗ್ಗಯ್ಯ ಈ ವಾಘ್ಯಾನೇ. ಹರಕೆ ಹೊತ್ತು ಬಿಟ್ಟ ಗಂಡು ದೇವರ ಸೇವೆಯನ್ನೂ ಮಾಡಿ ಹೆಂಡತಿ ಮಕ್ಕಳೊಂದಿಗೂ ಇರಬಹುದಿತ್ತು. ಹೆಣ್ಣುಮಗುವಿಗೆ ಮಾತ್ರ ದೇವರೊಂದಿಗೇ ಮದುವೆ. ಮತ್ತೊಬ್ಬ ಗಂಡನಿಲ್ಲ, ಅವಳ ಬದುಕು ಊರವರ ಬಾಯಿಗೆ. ಪುಣೆಯ ಶಿವರಾಮ ಜಾನಬಾ ಕಾಂಬಳೆ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇದರ ವಿರುದ್ಧ ದನಿಯೆತ್ತಿದರು. ಹರಕೆ ಹೊರುವವರು ದೊಡ್ಡವರು, ತೀರಿಸಬೇಕಾದವಳು ಹುಡುಗಿ. ಇದನ್ನು ಬರೆಯುವಾಗ ನನ್ನ ಭಕ್ತಿ ಸ್ವಲ್ಪ ಹಿಂಜರಿಯುತ್ತದೆ.

ಆದರೂ ಕಾರಣಿಕದ ದಿನ ಗೊರವಯ್ಯನನ್ನು ನೋಡಬೇಕು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ಆಕಾಶ ನೋಡಿ "ಸದ್ದಲೇ" ಎನ್ನುತ್ತಾನೆ. ಲಕ್ಷಾಂತರ ಜನ ಒಮ್ಮೆಗೇ ಉಸಿರು ಬಿಗಿಹಿಡಿಯುತ್ತಾರೆ. ಅವನು ಒಂದೇ ಒಂದು ಮಾತು ಹೇಳಿ ಹಿಂದಕ್ಕೆ ಬೀಳುತ್ತಾನೆ, ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಆ ಮಾತಿನ ಮೇಲೆ ವರ್ಷದ ಮಳೆ, ಬೆಳೆ, ರಾಜಕೀಯ ಎಲ್ಲದರ ಲೆಕ್ಕಾಚಾರ. ನಮ್ಮ ಕಡೂರು ತಾಲ್ಲೂಕಿನ ಬೀರೂರಿನಲ್ಲೂ ದಸರೆಯ ಹೊತ್ತಿಗೆ ಮೈಲಾರಲಿಂಗನ ಕಾರಣಿಕ ನಡೆಯುತ್ತದೆ. ಅಜ್ಜಿಮನೆಯಲ್ಲಿ ಆ ಮಾತನ್ನು ಯಾರೋ ಕೇಳಿಬಂದು ಜಗಲಿಯಲ್ಲಿ ಹೇಳುವವರೆಗೆ ದೊಡ್ಡವರಿಗೆ ಸಮಾಧಾನವಿರುತ್ತಿರಲಿಲ್ಲ. ವರ್ಷವೆಲ್ಲ ಬಾಗಿಲಲ್ಲಿ ನಿಂತು ಕಾಯುವವನು ಅಂದು ಎಲ್ಲರನ್ನೂ ಕಾಯಿಸುತ್ತಾನೆ.

ಮಗಳಿಗೆ ಇಷ್ಟನ್ನೂ ಹೇಳಿದೆ. ಅವಳಿಗೆ ಹಿಡಿಸಿದ್ದು ಶಾಸನವಲ್ಲ, ಕೊಡದ ಕಥೆ. "ಹಾಗಾದ್ರೆ ಕುಲಾವಿ ಯಾಕೆ ಕೊಲಾವಿ ಆಗಲಿಲ್ಲ?" ಎಂದಳು. ಮುಂದಿನ ಅಕ್ಷರದಲ್ಲಿರುವುದು ದೀರ್ಘ ಎಂದು ತೋರಿಸಿ ಹೇಗೋ ಪಾರಾದೆ.

ನಾನು ಹೇಳಲು ಮರೆತದ್ದೊಂದಿದೆ. ರಾಗಿ ನೀಡಿದ ಅಜ್ಜಿ ಕೂಡಲೇ ಒಳಗೆ ಬರುತ್ತಿರಲಿಲ್ಲ, ಮೊರ ಚಾಚಿಕೊಂಡೇ ನಿಂತಿರುತ್ತಿದ್ದಳು. ಗೊರವಯ್ಯ ಜೋಳಿಗೆಗೆ ಕೈಹಾಕಿ ನಾಲ್ಕು ಕಾಳು ತೆಗೆದು, ಚಿಟಿಕೆ ಭಂಡಾರ ಬೆರೆಸಿ, ಮೊರಕ್ಕೆ ಹಾಕುತ್ತಿದ್ದ. ಅಜ್ಜಿ ಅದನ್ನು ಕಣಜದ ರಾಗಿಯ ಮೇಲೆ ಉದುರಿಸುತ್ತಿದ್ದಳು, ನಾವು ಅಡಗಿ ಕುಳಿತಿದ್ದ ಕಣಜದ ಮೇಲೆ.